ದಾಕ್ಷಿಣ್ಯಕ್ಕೆ ಹೇಳಿದ ಚೆಕ್

ಇಸ್ಪೀಟಿನ ಎಕ್ಕ, ಇಸ್ಪೀಟಿನ ಗುಲಾಮ. ನನ್ನ ಕೈಯಲ್ಲಿದ್ದದ್ದು ಇವೆರಡು. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಎಲೆಗಳಾಗಿ ಇಸ್ಪೀಟಿನ ರಾಜ, ಇಸ್ಪೀಟಿನ ಒಂಬತ್ತು, ಆಟೀನಿನ ನಾಲ್ಕು, ಡೈಮನ್ ಏಳು, ಕೊನೆಯ ಎಲೆಯಾಗಿ ಇಸ್ಪೀಟಿನ ಎರಡು. ಪೋಕರ್ ಆಡುವವರಿಗೆ ಗೊತ್ತಾಗುತ್ತದೆ, ಐದು ಇಸ್ಪೀಟು ಸೇರಿ ಆದ ನನ್ನ ಫ್ಲಶ್ಶನ್ನು ಆ ಎಲೆಗಳ ಮೇಲೆ ಸೋಲಿಸುವ ಕೈ ಇನ್ನೊಂದಿಲ್ಲ. ಇದಕ್ಕೆ ನಟ್ಸ್ ಅಂತಾರೆ. ಎದುರಿಗೆ ಕೂತವನು ಚೆಕ್ ಅಂದ, ಅಂದರೆ ಏನೂ ಹಾಕದೆ ಸರದಿ ದಾಟಿಸಿದ. ಮಾತಾಡುವ ಕೊನೆಯ ಸರದಿ ನನ್ನದು. ನಾನೂ ಚೆಕ್ ಅಂದೆ.

ಎದುರಿಗೆ ಕೂತವನು ನನ್ನ ಜೊತೆ ಶಿರಸಿಯಲ್ಲಿ ಹೈಸ್ಕೂಲು ಓದಿದವನು. ಒಂದೇ ಬೆಂಚು. ನಮ್ಮ ಆಯಿ ಕಟ್ಟಿಕೊಟ್ಟ ದೋಸೆಯಲ್ಲಿ ಅರ್ಧ ಅವನ ಪಾಲು. ಅವನ ಹತ್ತಿರ ಆಗ ಉಳಿದಿದ್ದದ್ದು 2,400 ಚಿಪ್ಸ್, ಅಂದರೆ ಪಣದ ಬಿಲ್ಲೆಗಳು, ಮಾತ್ರ. ನಾನು ಬೆಟ್ ಹಾಕಿದ್ದರೆ ಅವನು ಮನೆಗೆ ಹೋಗುತ್ತಿದ್ದ. ಹಾಕಲು ಕೈ ಬರಲಿಲ್ಲ.

ಇದನ್ನು ಬರೆಯಬೇಕು ಅಂತ ತುಂಬ ದಿನದಿಂದ ಅನ್ನಿಸುತ್ತಿತ್ತು. ಯಾಕೆಂದರೆ ಆ ಚೆಕ್‌ನಿಂದ ನನಗೆ ಏನೂ ಕಳೆಯಲಿಲ್ಲ, ನನ್ನ ಗೆಳೆಯನಿಗೆ ಲಾಭವೇ ಆಯಿತು, ಆದರೆ ಅದಕ್ಕೆ ಬೆಲೆ ಕೊಟ್ಟವನು ಆ ಕೈಯಲ್ಲಿ ಇರದೇ ಇದ್ದ ಇನ್ನೊಬ್ಬ. ಮನೆಗಳಲ್ಲಿ ಪೋಕರ್ ಆಡುವ ಗೆಳೆಯರ ಗುಂಪುಗಳು ಈಗ ನಮ್ಮ ಜಿಲ್ಲೆಯಲ್ಲೂ ಇವೆ. ಅವರೆಲ್ಲ ಇದನ್ನು ಒಮ್ಮೆ ಓದಲಿ ಅಂತ ನನ್ನ ಆಸೆ.

ನಮ್ಮ ಆಟ ನಡೆಯುವುದು ಕಾರವಾರದ ಕೋಡಿಬಾಗದಲ್ಲಿ, ನಾನು ಬಾಡಿಗೆಗೆ ಇರುವ ಮನೆಯಲ್ಲಿ. ಹೆಚ್ಚಾಗಿ ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ಬಂದ್, ಹಾಗಾಗಿ ನಮ್ಮಲ್ಲಿ ಬೋಟಿನ ಮನೆಯ ಇಬ್ಬರಿಗೆ ರಾತ್ರಿ ಬಿಡುವು. ಕೈಗಾದಲ್ಲಿ ಶಿಫ್ಟ್ ಮಾಡುವವನೊಬ್ಬ ಇದ್ದಾನೆ, ಒಬ್ಬರು ಕಾಲೇಜಿನ ಮೇಷ್ಟ್ರು, ಗಂಡ ಹೆಂಡತಿ ಒಂದು ಜೋಡಿ. ಸದಾಶಿವಗಡದಿಂದ ಕಾಳಿ ನದಿ ದಾಟಿ ಬರುವವನು ಒಬ್ಬ. 2024ರ ಆಗಸ್ಟ್ 7ರ ನಡುರಾತ್ರಿ ಹಳೆ ಸೇತುವೆ ಕುಸಿದು ಬಿದ್ದ ಮೇಲೆ, ಅವನು ವಾಪಸ್ ಮನೆ ಮುಟ್ಟಿದ್ದೇನೆ ಅಂತ ಫೋನ್ ಮಾಡುವವರೆಗೆ ನಾನು ಮಲಗುವುದಿಲ್ಲ. ಆಮೇಲೆ ಈ ಕಥೆಯ ಹುಡುಗ. ಇಪ್ಪತ್ಮೂರು ವಯಸ್ಸು, ಕೆಲಸಕ್ಕೆ ಅಂತ ಊರು ಬಿಟ್ಟು ಇಲ್ಲಿಗೆ ಬಂದವನು. ನಮ್ಮಲ್ಲಿ ಯಾರಿಗೂ ಹಳೆಯ ಪರಿಚಯ ಅಲ್ಲ. ಕೈಗಾದವನ ಜೊತೆ ಒಮ್ಮೆ ಬಂದ, ಚೆನ್ನಾಗಿ ಆಡಿದ, ಹಾಗೇ ಸೇರಿಕೊಂಡ.

ಒಟ್ಟು ಒಂಬತ್ತು ಜನ. ತಲೆಗೆ 300 ರೂಪಾಯಿ. 5,000 ಚಿಪ್ಸ್. ಒಟ್ಟು 2,700ರಲ್ಲಿ ಮೊದಲನೆಯವನಿಗೆ 1,350, ಎರಡನೆಯವನಿಗೆ 810, ಮೂರನೆಯವನಿಗೆ 540. ನಾಲ್ಕನೆಯವನಿಗೆ ಏನೂ ಇಲ್ಲ. ಮನೆಯವನಾಗಿ ನಾನು ಒಂದು ಪೈಸೆ ಇಟ್ಟುಕೊಳ್ಳುವುದಿಲ್ಲ. ಚಹಾ, ಒಗ್ಗರಣೆ ಮಂಡಕ್ಕಿ ನನ್ನ ಲೆಕ್ಕ.

ಆ ರಾತ್ರಿ ನಾಲ್ಕು ಜನ ಉಳಿದಿದ್ದೆವು. ಇನ್ನೊಬ್ಬ ಹೋದರೆ ಉಳಿದ ಮೂವರಿಗೂ ಹಣ ಖಾತ್ರಿ. ಈ ಹೊತ್ತಿಗೆ ಬಬಲ್ ಅಂತ ಹೆಸರು. ಮೇಷ್ಟ್ರ ಹತ್ತಿರ 20,500, ನನ್ನ ಹತ್ತಿರ 15,000, ನನ್ನ ಗೆಳೆಯನ ಹತ್ತಿರ 5,500, ಹುಡುಗನ ಹತ್ತಿರ 4,000. ಬ್ಲೈಂಡ್, ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಸರದಿಯಂತೆ ಹಾಕಲೇಬೇಕಾದ ಪಣ, 400 ಮತ್ತು 800. ನಾನು 1,600ಕ್ಕೆ ಏರಿಸಿದೆ. ಸಣ್ಣ ಬ್ಲೈಂಡ್‌ನಲ್ಲಿದ್ದ ಹುಡುಗ ಎಲೆ ಇಟ್ಟು ಆ ಕೈ ಬಿಟ್ಟ, ದೊಡ್ಡ ಬ್ಲೈಂಡ್‌ನಲ್ಲಿದ್ದ ಗೆಳೆಯ ನನ್ನಷ್ಟೇ ಹಾಕಿ ಕಾಲ್ ಮಾಡಿದ. ಮೇಜಿಗೆ ಮೊದಲ ಮೂರು ಎಲೆ ಬಿದ್ದಾಗ, ಅಂದರೆ ಫ್ಲಾಪ್‌ನಲ್ಲಿ, ನಾನು 1,500 ಹಾಕಿದೆ, ಅವನು ಮತ್ತೆ ಕಾಲ್. ನಾಲ್ಕನೇ ಎಲೆಗೆ, ಅಂದರೆ ಟರ್ನ್‌ನಲ್ಲಿ, ಇಬ್ಬರೂ ಚೆಕ್. ಆಮೇಲೆ ಕೊನೆಯ ಎಲೆ ರಿವರ್, ಆ ಇಸ್ಪೀಟಿನ ಎರಡು.

ಎಲೆ ತೋರಿಸಿದಾಗ ಅವನ ಹತ್ತಿರ ರಾಜ ಮತ್ತು ಹತ್ತು ಇತ್ತು. ಮೇಜಿನ ರಾಜನ ಜೊತೆ ಸೇರಿ ಒಂದು ಜೋಡಿ. ನಡುವೆ ಸೇರಿದ್ದ 6,600ರ ಪಾಟ್‌ಗೆ ಉಳಿದ 2,400 ಹಾಕಿ ಅಂದಿದ್ದರೆ ಅವನು ಖಂಡಿತ ಹಾಕುತ್ತಿದ್ದ. ನನ್ನ ಎಕ್ಕ ಗುಲಾಮ ನೋಡಿ ಯಾರೂ ಏನೂ ಅನ್ನಲಿಲ್ಲ. ಮೇಷ್ಟ್ರು ಒಮ್ಮೆ ನನ್ನ ಮುಖ ನೋಡಿದರು. ಹುಡುಗ ಚಿಪ್ಸ್ ಜೋಡಿಸುತ್ತಾ ಕೂತಿದ್ದ.

ಮೂರು ಕೈ ಕಳೆಯಿತು. ದೊಡ್ಡ ಬ್ಲೈಂಡ್ ಹುಡುಗನಿಗೆ ಬಂತು. ಮೇಷ್ಟ್ರು ಎಂಟರ ಜೋಡಿ ಇಟ್ಟುಕೊಂಡು ಇದ್ದ ಚಿಪ್ಸನ್ನೆಲ್ಲ ಪಣಕ್ಕಿಟ್ಟು ಆಲ್ ಇನ್ ಅಂದರು, ಹುಡುಗ ಎಕ್ಕ ರಾಣಿ ಹಿಡಿದು ಕಾಲ್ ಮಾಡಿದ. ಹೆಚ್ಚುಕಡಿಮೆ ಸಮಸಮ ಇರುವ ಕೈಗಳು. ಎಂಟೇ ನಿಂತಿತು. ಹುಡುಗ ನಾಲ್ಕನೆಯವನಾಗಿ ಹೊರಗೆ ಹೋದ. ನನ್ನ ಗೆಳೆಯ 2,000 ಚಿಪ್ಸ್ ಇಟ್ಟುಕೊಂಡು ಮೂರನೆಯವನಾಗಿ 540 ರೂಪಾಯಿ ತೆಗೆದುಕೊಂಡ.

ಹುಡುಗ ರೇನ್‌ಕೋಟ್ ಹಾಕಿಕೊಳ್ಳುತ್ತಾ ಬಾಗಿಲಲ್ಲಿ ನಿಂತು ಕೇಳಿದ, 'ಅಣ್ಣ, ಆ ಫ್ಲಶ್‌ಗೆ ಎಂತಕ್ಕೆ ಬೆಟ್ ಹಾಕಲಿಲ್ಲ?' ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ ಹಾಗಿತ್ತು. ನಾನು 'ಸುಮ್ನೆ' ಅಂದೆ. ಅವನು ತಲೆಯಾಡಿಸಿ ಹೋದ. ಮುಂದಿನ ಮೂರು ವಾರ ಬರಲಿಲ್ಲ.

ಆ 'ಸುಮ್ನೆ' ನನ್ನನ್ನು ಬಹಳ ಕಾಡಿದೆ.

ಇಂಗ್ಲಿಷಿನವರು ಇದಕ್ಕೆ ಸಾಫ್ಟ್ ಪ್ಲೇ ಅಂತಾರೆ. ನಮ್ಮಲ್ಲಿ ಇದಕ್ಕೆ ಇನ್ನೂ ಸರಿಯಾದ ಪದ ಇದೆ, ದಾಕ್ಷಿಣ್ಯ. ಗೆಳೆಯ ಅಂತ, ಹೆಂಡತಿ ಅಂತ, ಇವನ ಮನೆಯಲ್ಲಿ ಊಟ ಮಾಡಿದ್ದೇನೆ ಅಂತ, ಹೊಡೆಯಬೇಕಾದಲ್ಲಿ ಹೊಡೆಯದೆ ಬಿಡುವುದು. ಮೋಸ ಮಾಡಬೇಕು ಅಂತ ಯಾರೂ ಮಾಡುವುದಿಲ್ಲ. ಎದೆಯಲ್ಲಿ ಒಳ್ಳೆಯ ಭಾವನೆಯೇ ಇರುತ್ತದೆ. ಅದಕ್ಕೇ ಇದು ಕಣ್ಣಿಗೆ ಬೀಳುವುದಿಲ್ಲ.

ದಾಕ್ಷಿಣ್ಯ ಎಲ್ಲಿಂದ ಬರುತ್ತದೆ ಅಂತ ಯೋಚಿಸಿದಾಗ ನನಗೆ ನಮ್ಮೂರ ಮದುವೆ ಮನೆಗಳು ನೆನಪಾಗುತ್ತವೆ. ಶಿರಸಿ ಕಡೆ ಮದುವೆ, ಉಪನಯನ ಅಂದರೆ ಹಿಂದಿನ ರಾತ್ರಿ ಇಸ್ಪೀಟು ಇರಲೇಬೇಕು. ಜಗಲಿಯಲ್ಲಿ ಕಂಬಳಿ ಹಾಸಿ, ಕವಳದ ಬಟ್ಟಲು ನಡುವೆ ಇಟ್ಟುಕೊಂಡು, ಬೆಳಗಿನ ಜಾವದವರೆಗೆ. ನಾನು ಅಪ್ಪಯ್ಯನ ಬೆನ್ನ ಹಿಂದೆ ಕೂತು ಕಲಿತದ್ದು ಇಪ್ಪತ್ತೆಂಟು. ಅದರಲ್ಲಿ ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೆ ಒಂದು, ಹತ್ತಕ್ಕೆ ಒಂದು, ಎಲ್ಲ ಸೇರಿ 28. ನಾಲ್ಕು ಜನ, ಎರಡು ಜೋಡಿ. ಎದುರಿಗೆ ಕೂತವನು ನಿನ್ನ ಜೊತೆಗಾರ. ಅವನ ಮುಖ ನೋಡಬೇಕು, ಅವನು ಇಳಿಸುವ ಎಲೆ ನೋಡಿ ಅವನಿಗೇನು ಬೇಕು ಅಂತ ತಿಳಿಯಬೇಕು, ಗೆಲ್ಲುವ ಪಟ್ಟಿಗೆ ನಿನ್ನ ಒಳ್ಳೆಯ ಎಲೆ ಹಾಕಬೇಕು. ಎದುರಿನವನನ್ನು ಕಾಪಾಡುವುದೇ ಆ ಆಟದ ನಿಯಮ. ಹೀಗೆ ಕಲಿತ ಕೈ ಪೋಕರ್ ಮೇಜಿಗೆ ಬಂದಾಗಲೂ ಎದುರಿಗೆ ಕೂತ ಗೆಳೆಯನನ್ನು ಕಾಪಾಡಲು ನೋಡುತ್ತದೆ. ಆದರೆ ಪೋಕರ್‌ನಲ್ಲಿ ಜೊತೆಗಾರ ಅಂತ ಯಾರೂ ಇಲ್ಲ. ಒಂದು ಕೈಗೆ ಒಬ್ಬನೇ ಆಟಗಾರ.

ಇಲ್ಲಿ ಒಂದು ಲೆಕ್ಕ ಬಿಡಿಸಿ ಹೇಳಬೇಕು, ಯಾಕೆಂದರೆ ಬಹಳ ಜನ ಇಲ್ಲೇ ಎಡವುತ್ತಾರೆ. ಚಿಪ್ಸ್ ಅಂದರೆ ನೇರ ಹಣವೇ ಆಗಿರುವ ಕ್ಯಾಶ್ ಆಟದಲ್ಲಿ, ಉಳಿದವರೆಲ್ಲ ಎಲೆ ಇಟ್ಟ ಮೇಲೆ ನಾವಿಬ್ಬರೇ ಉಳಿದು ಚೆಕ್ ಚೆಕ್ ಅಂತ ಮುಗಿಸಿದರೆ ವ್ಯತ್ಯಾಸ ಆಗುವುದು ಹೆಚ್ಚಾಗಿ ನಮ್ಮಿಬ್ಬರ ಜೇಬಿಗೆ. ಅದೂ ಒಳ್ಳೆಯ ರೂಢಿ ಅಲ್ಲ, ಆದರೆ ನಷ್ಟ ದೊಡ್ಡದಲ್ಲ. ಟೂರ್ನಮೆಂಟ್ ಹಾಗಲ್ಲ. ಇಲ್ಲಿ ಚಿಪ್ಸ್ ಕೊಟ್ಟು ಹಣ ತಗೊಳ್ಳಲು ಆಗುವುದಿಲ್ಲ. ಹಣ ಬರುವುದು ಎಷ್ಟನೆಯವನಾಗಿ ಉಳಿದೆ ಅನ್ನುವುದರ ಮೇಲೆ. ಒಬ್ಬ ಹೊರಗೆ ಹೋದ ಕೂಡಲೇ, ಆ ಕೈಯಲ್ಲಿ ಇರಲಿ ಇಲ್ಲದಿರಲಿ, ಉಳಿದ ಪ್ರತಿಯೊಬ್ಬನ ಪಾಲು ಸ್ವಲ್ಪ ಮೇಲೆ ಹೋಗುತ್ತದೆ. ಇದನ್ನು ಲೆಕ್ಕ ಹಾಕುವ ಒಂದು ವಿಧಾನವೇ ಇದೆ, ಐಸಿಎಂ ಅಂತಾರೆ. ಯಾರ ಹತ್ತಿರ ಎಷ್ಟು ಚಿಪ್ಸ್, ಎಷ್ಟನೆಯವನಿಗೆ ಎಷ್ಟು ಬಹುಮಾನ ಅಂತ ಹಾಕಿದರೆ ಈ ಕ್ಷಣಕ್ಕೆ ಯಾರ ಜಾಗಕ್ಕೆ ಎಷ್ಟು ರೂಪಾಯಿ ಬೆಲೆ ಅಂತ ಬರುತ್ತದೆ. ನಾನು ಆ ರಾತ್ರಿ ಬೆಟ್ ಹಾಕಿ ಗೆಳೆಯನನ್ನು ಕಳಿಸಿದ್ದರೆ ಹುಡುಗನಿಗೆ ಅಲ್ಲಿಗೇ ಕನಿಷ್ಠ 540 ಖಾತ್ರಿಯಾಗುತ್ತಿತ್ತು. ಅವನು ಎಲೆ ಇಟ್ಟು ಕೂತಿದ್ದೂ ಅದಕ್ಕೇ. ತಾಳ್ಮೆಯಿಂದ ಸರಿಯಾಗಿ ಆಡಿದ್ದ. ಅವನ ತಾಳ್ಮೆಗೆ ಬರಬೇಕಾದದ್ದನ್ನು ನಾನು ನನ್ನ ಗೆಳೆಯನಿಗೆ ಎತ್ತಿ ಕೊಟ್ಟೆ.

'540 ರೂಪಾಯಿಗೆ ಇಷ್ಟು ತಲೆಬಿಸಿ ಯಾಕೆ ಮಾರಾಯ' ಅಂತ ಒಬ್ಬ ಕೇಳಿದ. ಹಣ ಸಣ್ಣದು ಅನ್ನುವುದು ನಿಜ. ಆದರೆ ಆ ಹುಡುಗ ಒಂಬತ್ತು ಜನರಲ್ಲಿ ಹೊರಗಿನವನು. ಮೇಜಿಗೆ ಕೂತಾಗ ಅವನು ನಂಬಿದ್ದು ಒಂದೇ, ಇಲ್ಲಿ ಎಲ್ಲರೂ ಎಲ್ಲರ ವಿರುದ್ಧ ಆಡುತ್ತಾರೆ ಅಂತ. ನಮ್ಮ ಹಳೆ ಸ್ನೇಹ ಅವನ ಪಾಲಿಗೆ ಮೊದಲೇ ಒಂದು ತೊಡಕು. ನಾವು ಹಳೆಯ ಕಥೆ ಹೇಳಿ ನಗುವಾಗ ಅವನು ಸುಮ್ಮನೆ ಕೂತಿರಬೇಕು. ಅದರ ಮೇಲೆ ಎಲೆಯಲ್ಲೂ ನಾವು ಒಂದಾಗಿಬಿಟ್ಟರೆ ಅವನಿಗೆ ಅಲ್ಲಿ ಏನು ಕೆಲಸ?

ಪೋಕರ್ ಟೂರ್ನಮೆಂಟ್ ನಡೆಸುವವರ ಸಂಘ ಒಂದಿದೆ, ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಷನ್, 2001ರಲ್ಲಿ ಶುರುವಾದದ್ದು. ಜಗತ್ತಿನ ಬಹಳಷ್ಟು ಪೋಕರ್ ರೂಮುಗಳು ಅವರ ನಿಯಮವನ್ನೇ ಇಟ್ಟುಕೊಂಡಿವೆ. ಅದರಲ್ಲಿ ಸಾಫ್ಟ್ ಪ್ಲೇಗೆ ದಂಡ ಇದೆ. ಚಿಪ್ಸ್ ಕಿತ್ತುಕೊಳ್ಳಬಹುದು, ಆಟದಿಂದ ಹೊರಗೇ ಹಾಕಬಹುದು. ನಾನು ಮಾಡಿದ ಹಾಗೆ, ಕೊನೆಯ ಸರದಿಯಲ್ಲಿ ನಟ್ಸ್ ಹಿಡಿದು ಚೆಕ್ ಅಂದರೆ, ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇರೆ ಇಲ್ಲ. ಪಕ್ಕದ ಗೋವಾಕ್ಕೆ ಹೋಗಿ ಮಾಂಡೋವಿ ನದಿಯ ಕ್ಯಾಸಿನೊ ಹಡಗಿನಲ್ಲಿ ಆಡಿ ಬಂದವನು ನಮ್ಮಲ್ಲಿದ್ದಾನೆ. ಅಲ್ಲಿ ಡೀಲರ್ ಇರುತ್ತಾರೆ, ಮೇಲೆ ಕ್ಯಾಮೆರಾ ಇರುತ್ತದೆ, ತಕರಾರು ಬಂದರೆ ತೀರ್ಪು ಕೊಡುವವರಿರುತ್ತಾರೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ನಿಷೇಧಿಸಿತು, ಅದಕ್ಕೂ ಮೊದಲು ಫೋನಿನಲ್ಲಿ ಆಡುತ್ತಿದ್ದವರಿಗೆ ಗೊತ್ತು, ಯಾರು ಯಾರ ಜೊತೆ ಕೂತು ಹೇಗೆ ಆಡುತ್ತಾರೆ ಅಂತ ಸಾಫ್ಟ್‌ವೇರ್ ಪರಿಶೀಲಿಸುತ್ತಿತ್ತು ಅಂತ. ಮನೆಯಲ್ಲಿ ಇದ್ಯಾವುದೂ ಇಲ್ಲ. ಮನೆಯಲ್ಲಿ ಇರುವುದು ನಮ್ಮ ನಿಯತ್ತು ಮಾತ್ರ.

ಹಾಗಂತ ಪ್ರತಿ ಚೆಕ್ಕೂ ದಾಕ್ಷಿಣ್ಯ ಅಲ್ಲ. ಇದನ್ನು ಬಿಡಿಸಿ ನೋಡದಿದ್ದರೆ ಗೆಳೆಯರ ನಡುವೆ ಸುಮ್ಮನೆ ಅನುಮಾನ ಹುಟ್ಟುತ್ತದೆ. ಬಬಲ್‌ನಲ್ಲಿ ಒಳ್ಳೆಯ ಕೈ ಇದ್ದರೂ ಹೆದರಿ ಇಡುವುದು ಆಟದ ಲೆಕ್ಕ. ಎದುರಾಳಿ ಮೇಲೇರಿಸಿದರೆ ಕಷ್ಟ ಅಂತ ಮಧ್ಯಮ ಕೈಯಲ್ಲಿ ಚೆಕ್ ಅನ್ನುವುದೂ ಆಟದ ಲೆಕ್ಕವೇ. ಒಬ್ಬ ಆಲ್ ಇನ್ ಆಗಿದ್ದಾಗ ಅವನನ್ನು ಕಾಲ್ ಮಾಡಿದ ಉಳಿದಿಬ್ಬರು ಕೊನೆಯವರೆಗೂ ಚೆಕ್ ಮಾಡುತ್ತಾ ಹೋದರೆ, ಅದು ಅವರವರೇ ಮನಸ್ಸಿನಲ್ಲಿ ತೀರ್ಮಾನ ಮಾಡಿದ್ದಾದರೆ, ತಪ್ಪಿಲ್ಲ. ಎರಡು ಕೈ ಒಟ್ಟಿಗೆ ನಿಂತರೆ ಅವನು ಹೊರಗೆ ಹೋಗುವ ಸಾಧ್ಯತೆ ಜಾಸ್ತಿ, ಅಷ್ಟು ಎಲ್ಲರಿಗೂ ತಿಳಿದದ್ದೇ. ಆದರೆ 'ನಾವಿಬ್ಬರೂ ಚೆಕ್ ಮಾಡೋಣ ಆಯ್ತಾ' ಅಂತ ಬಾಯಿಬಿಟ್ಟ ಕ್ಷಣ ಇಬ್ಬರು ಸೇರಿ ಒಬ್ಬನ ವಿರುದ್ಧ ಒಪ್ಪಂದ ಮಾಡಿಕೊಂಡ ಹಾಗಾಯಿತು. ಕಣ್ಣು ಮಿಟುಕಿಸಿದರೂ ಅಷ್ಟೇ. ನಮ್ಮ ಮೇಜಿನಲ್ಲಿ ಈ ಮಾತು ಎಷ್ಟು ಸಲ ನಡೆದಿದೆ ಅಂದರೆ ನನಗೆ ಲೆಕ್ಕ ಇಲ್ಲ.

ನಾನು ಈಗ ನನ್ನನ್ನೇ ಕೇಳಿಕೊಳ್ಳುವುದು ಒಂದು ಪ್ರಶ್ನೆ. ಈ ಕುರ್ಚಿಯಲ್ಲಿ ಇವನ ಬದಲು ಅಂಕೋಲಾ ಬಸ್‌ನಲ್ಲಿ ಪಕ್ಕ ಕೂತಿದ್ದ ಯಾರೋ ಗುರುತಿಲ್ಲದವನು ಕೂತಿದ್ದರೆ ನಾನು ಏನು ಮಾಡುತ್ತಿದ್ದೆ? ಬೆಟ್ ಹಾಕುತ್ತಿದ್ದೆ ಅಂತಾದರೆ ಈಗಲೂ ಹಾಕಬೇಕು.

ಗಂಡ ಹೆಂಡತಿ ಜೋಡಿಯ ವಿಷಯ ಹೇಳಲೇಬೇಕು, ಯಾಕೆಂದರೆ ಅದರಿಂದ ನಾನು ಇನ್ನೊಂದು ಕಲಿತೆ. ಅವನು ಅವಳ ಬ್ಲೈಂಡ್‌ಗೆ ಯಾವತ್ತೂ ಏರಿಸುತ್ತಿರಲಿಲ್ಲ. ಅವಳು ಏರಿಸಿದರೆ ಎಲೆ ಇಡುತ್ತಿದ್ದ. ನಮಗೆಲ್ಲ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ. ಸಂಸಾರದ ವಿಷಯ ಅಲ್ವಾ ಅಂತ. ಕೊನೆಗೆ ಹೇಳಿದವಳು ಅವಳೇ. ಒಂದು ರಾತ್ರಿ ಕರೆಂಟ್ ಹೋಗಿ ಎಮರ್ಜೆನ್ಸಿ ದೀಪದಲ್ಲಿ ಆಡುತ್ತಿದ್ದೆವು. ಅವಳು ಏರಿಸಿದಳು, ಅವನು ಇಟ್ಟ. ಅವಳು ಅವನ ಎಲೆ ಎತ್ತಿ ನೋಡಿದಳು. ರಾಣಿಯ ಜೋಡಿ! 'ನಾನು ಇಲ್ಲಿ ಆಡಲು ಬಂದಿದ್ದೋ, ನಿನ್ನ ಕೈಯಿಂದ ಆಡಿಸಿಕೊಳ್ಳಲು ಬಂದಿದ್ದೋ' ಅಂದಳು. ದನಿ ಏರಿಸಲಿಲ್ಲ. ಎಲೆ ಎತ್ತಿ ನೋಡಿದ್ದು ತಪ್ಪು, ಅದನ್ನು ಅವಳೇ ಒಪ್ಪಿಕೊಂಡಳು. ಆದರೆ ಅವಳು ಕೇಳಿದ ಪ್ರಶ್ನೆ ಸರಿಯಾಗಿತ್ತು. ದಾಕ್ಷಿಣ್ಯ ತೋರಿಸಿದಾಗ ಎದುರಿನವನ ಆಟಕ್ಕೆ ನಾವು ಬೆಲೆ ಕೊಡುವುದಿಲ್ಲ. ನೀನು ನನ್ನ ಸಮ ಅಲ್ಲ, ನಿನ್ನನ್ನು ನಾನು ಉಳಿಸಬೇಕು ಅಂತ ಹೇಳಿದ ಹಾಗೆ. ಈಗ ಅವರಿಬ್ಬರ ನಡುವಿನ ಕೈಗಳೇ ನಮ್ಮ ಮೇಜಿನ ಅತಿ ಗಟ್ಟಿ ಕೈಗಳು.

ಹೊರಡುವ ಆತುರದಲ್ಲಿ ಆಗುವ ತಪ್ಪು ಇನ್ನೊಂದು. ಒಮ್ಮೆ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ಮುಟ್ಟಬೇಕಾದವನೊಬ್ಬ ಆಡಲು ಬಂದಿದ್ದ. ಮಳೆ ಜೋರಾಯಿತು. 'ನಂಗೆ ಲೇಟಾಯ್ತು' ಅಂತ ಎರಡು ಮತ್ತು ಏಳು ಅನ್ನುವ ಕೆಟ್ಟ ಕೈ ಹಿಡಿದು ತನ್ನ 6,000 ಚಿಪ್ಸನ್ನು ಭಾವನ ಮುಂದೆ ತಳ್ಳಿ ಎದ್ದ. ಅವನ ಮನಸ್ಸಿನಲ್ಲಿ ಅದು ಉಡುಗೊರೆ. ಭಾವನಿಗೆ ಒಂದೇ ಕೈಯಲ್ಲಿ ದುಪ್ಪಟ್ಟು, ಉಳಿದ ಐದು ಜನರಿಗೆ ಅನ್ಯಾಯ. ಇದು ಚಿಪ್ ಡಂಪಿಂಗ್, ಸಾಫ್ಟ್ ಪ್ಲೇಗಿಂತ ದೊಡ್ಡ ತಪ್ಪು. ಈಗ ನಮ್ಮಲ್ಲಿ ಹೋಗಬೇಕಾದವರು ಧಾರಾಳವಾಗಿ ಹೋಗಬಹುದು, ಚಿಪ್ಸ್ ಅಲ್ಲೇ ಇರುತ್ತದೆ, ಸರದಿ ಬಂದಾಗ ಬ್ಲೈಂಡ್ ಅದರಿಂದಲೇ ಹೋಗುತ್ತದೆ, ಕರಗಿ ಮುಗಿಯುವವರೆಗೆ.

ಎಲೆ ಇಟ್ಟವರು 'ಅಯ್ಯೋ, ನನ್ನ ಹತ್ರ ನಾಲ್ಕಿತ್ತು' ಅಂತ ಕೈ ನಡೆಯುತ್ತಿರುವಾಗಲೇ ಹೇಳುವುದು, ಇಟ್ಟ ಎಲೆಯನ್ನು ಪಕ್ಕದವನಿಗೆ ಮಾತ್ರ ತೋರಿಸುವುದು, ಇವೂ ಅದೇ ಜಾತಿಯವು. ಒಬ್ಬನಿಗೆ ತೋರಿಸಿದರೆ ಎಲ್ಲರಿಗೂ ತೋರಿಸಬೇಕು. ಇದನ್ನು ಹೇಳಿಕೊಟ್ಟರೆ ಜನ ಬೇಗ ಕಲಿಯುತ್ತಾರೆ. ದಾಕ್ಷಿಣ್ಯ ಮಾತ್ರ ಬೇಗ ಬಿಡುವುದಿಲ್ಲ.

ನಾನು ಮಾಡಿದ್ದನ್ನು ಸರಿಮಾಡಲು ನೋಡಿದೆ. ಮೊದಲು ಗೆಳೆಯನ ಹತ್ತಿರ ಮಾತಾಡಿದೆ. ಬೈತಖೋಲದ ಬಂದರಿನ ಹತ್ತಿರ, ಕಟ್ಟಿ ಹಾಕಿದ ಬೋಟುಗಳನ್ನು ನೋಡುತ್ತಾ ನಿಂತಿದ್ದೆವು. ಅವನಿಗೆ ಖುಷಿಯಾಗಿರಬಹುದು ಅಂತ ನಾನು ಅಂದುಕೊಂಡಿದ್ದೆ. ಅವನು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಹೇಳಿದ, 'ನೀನು ಹಾಕಿದ್ರೆ ಕಾಲ್ ಮಾಡ್ತಿದ್ದೆ. ಹೊರಗೆ ಹೋಗ್ತಿದ್ದೆ. ಹೋಗ್ಬೇಕಿತ್ತು ಮಾರಾಯ. ಆ 540 ನನ್ನ ಕಿಸೆಯಲ್ಲಿ ಹಾಗೇ ಇದೆ.' ನಿಜವಾಗಿಯೂ ಖರ್ಚು ಮಾಡಿರಲಿಲ್ಲ.

ಇಬ್ಬರೂ ಹುಡುಗನ ರೂಮಿಗೆ ಹೋದೆವು. ನಾನು ನಡೆದದ್ದನ್ನು ಹೇಳಿದೆ, ಆ ಚೆಕ್ ಯಾಕೆ ಅಂತ ಹೇಳಿದೆ, ತಪ್ಪಾಯಿತು ಅಂದೆ. ಗೆಳೆಯ ಹಣ ಮುಂದೆ ಹಿಡಿದ. ಹುಡುಗ ತೆಗೆದುಕೊಳ್ಳಲಿಲ್ಲ. 'ದುಡ್ಡು ಬೇಡ ಅಣ್ಣ. ಇನ್ನೊಂದು ಸಲ ಬರಬೇಕಾ ಬೇಡವಾ ಅಂತ ಯೋಚನೆ ಮಾಡ್ತಿದ್ದೆ, ಅಷ್ಟೇ' ಅಂದ. ಎಂಟು ಜನ ಹಳಬರಿರುವ ಮೇಜಿಗೆ ಒಬ್ಬನೇ ಬಂದು ಕೂರುವುದು ಎಷ್ಟು ಧೈರ್ಯದ ಕೆಲಸ ಅಂತ ನನಗೆ ಆಗ ಹೊಳೆಯಿತು.

ಮುಂದಿನ ಶನಿವಾರ ಆಟ ಶುರು ಮಾಡುವ ಮೊದಲು ನಾನು ಎಲ್ಲರ ಮುಂದೆ ಇದನ್ನೇ ಹೇಳಿದೆ. ಕಷ್ಟ ಆಯಿತು, ಗಂಟಲು ಕಟ್ಟಿತು. ಯಾರ ಹೆಸರನ್ನೂ ಎತ್ತಲಿಲ್ಲ, ನನ್ನ ಕೈ ಮಾತ್ರ ಹೇಳಿದೆ. ಆಮೇಲೆ ಒಬ್ಬೊಬ್ಬರಾಗಿ ತಮ್ಮದು ಹೇಳಿದರು. ಬೋಟಿನ ಮನೆಯ ಅಣ್ಣತಮ್ಮಂದಿರು ಒಬ್ಬರ ಮೇಲೊಬ್ಬರು ಬ್ಲಫ್ ಮಾಡುವುದೇ ಇಲ್ಲವಂತೆ, ಮೊದಲಿನಿಂದಲೂ. ಮೇಷ್ಟ್ರು ತಮ್ಮ ಹಳೆ ವಿದ್ಯಾರ್ಥಿಯ ಎದುರು ಎಲೆ ಇಟ್ಟದ್ದನ್ನು ಹೇಳಿದರು. ಅವತ್ತು ಆಟ ಶುರುವಾಗಲು ಒಂದು ಗಂಟೆ ತಡವಾಯಿತು. ಈಗ ನಮ್ಮಲ್ಲಿ ಒಂದು ಪದ್ಧತಿ ಇದೆ. ಎಲೆ ತೋರಿಸಿದಾಗ ಯಾರಿಗಾದರೂ ಅನುಮಾನ ಬಂದರೆ ಅಲ್ಲೇ ಕೇಳಬಹುದು, ಕೇಳಿಸಿಕೊಂಡವನು ಉತ್ತರ ಕೊಡಬೇಕು. 'ಸುಮ್ನೆ' ಅನ್ನುವ ಹಾಗಿಲ್ಲ.

ಹುಡುಗ ಬಂದದ್ದು ಆಗಸ್ಟ್ ಮೊದಲ ವಾರ, ಬೋಟುಗಳು ಮತ್ತೆ ಕಡಲಿಗಿಳಿದ ಮೇಲೆ. ಬೋಟಿನ ಅಣ್ಣತಮ್ಮಂದಿರು ಅವತ್ತು ಇರಲಿಲ್ಲ, ಏಳೇ ಜನ. ಐದು ಜನ ಉಳಿದಿದ್ದಾಗ ನನಗೆ ಹತ್ತರ ಜೋಡಿ ಬಂತು, ಫ್ಲಾಪ್‌ನಲ್ಲಿ ಮೂರನೇ ಹತ್ತು ಬಿತ್ತು. ಎದುರಿಗೆ ಮತ್ತೆ ಅವನೇ, ಒಂದೇ ಬೆಂಚಿನವನು. ಅವನು ಚೆಕ್ ಅಂದ. ನಾನು ಅವನ ಹತ್ತಿರ ಉಳಿದಿದ್ದಷ್ಟನ್ನೂ ಬೆಟ್ ಹಾಕಿದೆ. ಕೈ ನಡುಗಿತು, ಹೇಳಿಬಿಡುತ್ತೇನೆ. ಅವನು ತುಂಬ ಹೊತ್ತು ಯೋಚಿಸಿ ಕಾಲ್ ಮಾಡಿದ, ಎಕ್ಕ ಹತ್ತು ತೋರಿಸಿದ, ನನ್ನ ಎಲೆ ನೋಡಿದ.

'ಹೊಡ್ದೆ' ಅಂದ. ಎದ್ದು ನನ್ನ ಭುಜ ಒಮ್ಮೆ ಒತ್ತಿ, ಚಹಾಕ್ಕೆ ನೀರಿಡಲು ಒಳಗೆ ಹೋದ. ಎಲೆ ಹಂಚುವ ಸರದಿ ಹುಡುಗನದು. ಅವನು ಎಲೆ ಕಲಸುತ್ತಾ ಒಳಗೆ ಕೂಗಿ ಕೇಳಿದ, 'ಅಣ್ಣ, ನನ್ನದಕ್ಕೆ ಸಕ್ಕರೆ ಕಡಿಮೆ.'